ವಿನ್ಯಾಸದ ಕೊರತೆಗೆ ಸಾಫ್ಟ್‌ವೇರ್ ಮದ್ದಾಗಬಲ್ಲದೇ? ನವಿ ಮುಂಬೈನಿಂದ ಹಾರುವ ಮುನ್ನ ತಿಳಿಯಬೇಕಾದ ತೇಜಸ್, ಬೋಯಿಂಗ್ ಮ್ಯಾಕ್ಸ್ ಕಥೆ

ನವಿ ಮುಂಬೈ: 2025ರ ಡಿಸೆಂಬರ್ 25ರ ಬೆಳಿಗ್ಗೆ ನವಿ ಮುಂಬೈ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ವಾಣಿಜ್ಯ ಹಾರಾಟ ಶುರುವಾದಾಗ ಮೊದಲು ಬಂದಿಳಿದದ್ದು ಬೆಂಗಳೂರಿನಿಂದ ಹೊರಟಿದ್ದ ಇಂಡಿಗೊ ವಿಮಾನ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬೈಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಊರಿಗೆ ಹೋಗಿಬರಲು ಅಂದಿನಿಂದ ಇನ್ನೊಂದು ದಾರಿ ತೆರೆಯಿತು. ಸಾಂತಾಕ್ರೂಜ್‌ನ ಹಳೆಯ ನಿಲ್ದಾಣವೊಂದನ್ನೇ ನೆಚ್ಚಿಕೊಳ್ಳಬೇಕಾದ ಕಾಲ ಮುಗಿಯಿತು.

ಇಲ್ಲಿಂದ ಹಾರುವ ವಿಮಾನಗಳಲ್ಲಿ ಹೆಚ್ಚಿನವು ಎರಡೇ ಕುಟುಂಬಕ್ಕೆ ಸೇರಿದವು. ಒಂದು, ಏರ್‌ಬಸ್‌ನ ಎ320. ಇದರಲ್ಲಿ ಪೈಲಟ್‌ನ ಕೈ ಮತ್ತು ರೆಕ್ಕೆಯ ನಡುವೆ ಸದಾ ಕಂಪ್ಯೂಟರ್ ಇರುತ್ತದೆ. ಇನ್ನೊಂದು, ಬೋಯಿಂಗ್‌ನ 737. ಇದರ ಹೊಸ ತಲೆಮಾರಾದ ಮ್ಯಾಕ್ಸ್, ಒಂದು ಸಾಫ್ಟ್‌ವೇರ್‌ನ ಕಾರಣದಿಂದ ಐದು ತಿಂಗಳೊಳಗೆ ಎರಡು ಬಾರಿ ಪತನಗೊಂಡು 346 ಜನರನ್ನು ಬಲಿ ಪಡೆದು, ಬಳಿಕ ತಿದ್ದುಪಡಿಯಾಗಿ ಮರಳಿ ಬಂದ ವಿಮಾನ. ಆಕಾಸಾ ಏರ್ ಸಂಸ್ಥೆಯ ಹಾರಾಟವೆಲ್ಲ 737 ಮ್ಯಾಕ್ಸ್‌ಗಳಲ್ಲೇ ನಡೆಯುತ್ತದೆ. ಏರ್ ಇಂಡಿಯಾ ಎಕ್ಸ್‌ಪ್ರೆಸ್ ಬಳಿಯೂ ಮ್ಯಾಕ್ಸ್‌ಗಳಿವೆ.

ಹಾಗಾದರೆ ವಿಮಾನದ ಆಕಾರದಲ್ಲೇ ಇರುವ ಕೊರತೆಯನ್ನು ಸಾಫ್ಟ್‌ವೇರ್‌ನಿಂದ ಮುಚ್ಚುವುದು ಸರಿಯೇ? ಅಂಥ ವಿಮಾನವನ್ನು ನಂಬಬಹುದೇ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಬೆಂಗಳೂರಿಗೇ ಬಂದು ನಿಲ್ಲಬೇಕಾಗುತ್ತದೆ. ಸಾಫ್ಟ್‌ವೇರ್ ಇಲ್ಲದೆ ಹಾರಲಾಗದ ಯುದ್ಧವಿಮಾನ ಹುಟ್ಟಿದ್ದು ಅಲ್ಲಿ. ವಿಮಾನದ ದೋಷವನ್ನು ಲೋಹದಲ್ಲೇ ತಿದ್ದಿದ್ದೂ ಅಲ್ಲಿಯೇ. ಕಂಪ್ಯೂಟರ್ ಏನು ಮಾಡುತ್ತಿದೆ ಎಂಬುದು ಪೈಲಟ್‌ಗಳಿಗೆ ಸಕಾಲದಲ್ಲಿ ಅರಿವಾಗದೆ 92 ಜೀವಗಳು ಹೋದದ್ದೂ ಅಲ್ಲಿಯೇ.

ಒಂದೇ ನೋಟದಲ್ಲಿ

* ತೇಜಸ್: ಅಸ್ಥಿರತೆ ಬೇಕೆಂದೇ ಆರಿಸಿಕೊಂಡದ್ದು. ಅದನ್ನು ಹಿಡಿದಿಡಲು ನಾಲ್ಕು ಸಮಾನಾಂತರ ಚಾನೆಲ್‌ಗಳ ಕಂಪ್ಯೂಟರ್ ವ್ಯವಸ್ಥೆ.
* ಬೋಯಿಂಗ್ 737 ಮ್ಯಾಕ್ಸ್: ಹಳೆಯ ವಿನ್ಯಾಸಕ್ಕೆ ದೊಡ್ಡ ಎಂಜಿನ್. ಅದರಿಂದಾದ ವ್ಯತ್ಯಾಸವನ್ನು ಮುಚ್ಚಲು ಒಂದೇ ಸೆನ್ಸರ್ ನಂಬಿದ ಸಾಫ್ಟ್‌ವೇರ್.
* ಎಚ್‌ಜೆಟಿ-36 ತರಬೇತಿ ವಿಮಾನ: ಸ್ಪಿನ್ ದೋಷಕ್ಕೆ ಸಾಫ್ಟ್‌ವೇರ್ ಮೊರೆ ಹೋಗದೆ ಬಾಲವನ್ನೇ ಬದಲಿಸಿದ್ದು.
* 1990ರ ಬೆಂಗಳೂರು ದುರಂತ: ಯಂತ್ರದ ಸ್ಥಿತಿ ಪೈಲಟ್‌ಗೆ ತಿಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ.

ಫ್ಲೈಟ್ ಕಂಟ್ರೋಲ್ ಸಾಫ್ಟ್‌ವೇರ್ ಎಂದರೇನು?

ಹಳೆಯ ವಿಮಾನಗಳಲ್ಲಿ ಪೈಲಟ್ ಕೈಯಲ್ಲಿರುವ ಕಂಟ್ರೋಲ್‌ನಿಂದ ರೆಕ್ಕೆ ಮತ್ತು ಬಾಲದ ಚಲಿಸುವ ಭಾಗಗಳವರೆಗೆ ಉಕ್ಕಿನ ಕೇಬಲ್, ರಾಟೆ, ಸರಳುಗಳ ಸಂಪರ್ಕವಿತ್ತು. ವಿಮಾನ ದೊಡ್ಡದಾದಂತೆ ಹೈಡ್ರಾಲಿಕ್ ಬಲ ಸೇರಿಕೊಂಡಿತು. ಫ್ಲೈ-ಬೈ-ವೈರ್ ಪದ್ಧತಿಯಲ್ಲಿ ಈ ಕೇಬಲ್‌ಗಳ ಜಾಗಕ್ಕೆ ವಿದ್ಯುತ್ ಸಂಕೇತ ಬಂತು. ಪೈಲಟ್ ಕೋಲು ಎಳೆದಾಗ ಅದು ನೇರ ಆಜ್ಞೆಯಾಗುವುದಿಲ್ಲ. 'ಮೂತಿ ಇಷ್ಟು ಮೇಲೇಳಬೇಕು' ಎಂಬ ಕೋರಿಕೆಯಾಗಿ ಕಂಪ್ಯೂಟರ್‌ಗೆ ತಲುಪುತ್ತದೆ. ವೇಗ, ಎತ್ತರ, ಗಾಳಿ ಬಡಿಯುವ ಕೋನ ಎಲ್ಲವನ್ನೂ ಲೆಕ್ಕ ಹಾಕಿ, ಯಾವ ಭಾಗ ಎಷ್ಟು ಚಲಿಸಬೇಕೆಂದು ಕಂಪ್ಯೂಟರ್ ತೀರ್ಮಾನಿಸುತ್ತದೆ. ಈ ಲೆಕ್ಕಾಚಾರದ ಸೂತ್ರಗಳಿಗೆ 'ಕಂಟ್ರೋಲ್ ಲಾ' ಎನ್ನುತ್ತಾರೆ.

ಸ್ಥಿರತೆ ಎಂದರೇನು ಎಂಬುದಕ್ಕೆ ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ನಿತ್ಯ ಓಡಾಡುವವರಿಗೆ ಬೇರೆ ಉದಾಹರಣೆ ಬೇಡ. ಸೀಟಿನಲ್ಲಿ ಕುಳಿತವರು ರೈಲು ಎಷ್ಟೇ ಅಲುಗಿದರೂ ತಾವಾಗಿಯೇ ಸರಿಹೋಗುತ್ತಾರೆ. ಇದು ಸ್ಥಿರ ವಿಮಾನ. ಹಿಡಿಕೆಯೂ ಸಿಗದೆ ನಡುವೆ ನಿಂತವರು ಕ್ಷಣಕ್ಷಣಕ್ಕೂ ಕಾಲಿನ ಭಾರ ಬದಲಿಸುತ್ತಿರಬೇಕು, ಒಂದು ಗಳಿಗೆ ಮೈಮರೆತರೂ ಪಕ್ಕದವರ ಮೇಲೆ ಬೀಳುತ್ತಾರೆ. ಇದು ಅಸ್ಥಿರ ವಿಮಾನ. ನಿಂತವರ ಕಾಲು ಮಾಡುವ ಕೆಲಸವನ್ನೇ ಅಸ್ಥಿರ ವಿಮಾನದಲ್ಲಿ ಕಂಪ್ಯೂಟರ್ ಒಂದು ಸೆಕೆಂಡಿನಲ್ಲಿ ಹತ್ತಾರು ಬಾರಿ ಮಾಡುತ್ತದೆ. ಅಷ್ಟು ವೇಗ ಮನುಷ್ಯನ ಕೈಗೆ ಸಾಧ್ಯವಿಲ್ಲ.

ತೇಜಸ್: ಬೇಕೆಂದೇ ಅಸ್ಥಿರ

ಯುದ್ಧವಿಮಾನಕ್ಕೆ ಅತಿಯಾದ ಸ್ಥಿರತೆ ಒಂದು ಹೊರೆ. ಸ್ಥಿರ ವಿಮಾನ ಇದ್ದ ದಿಕ್ಕಿನಲ್ಲೇ ಉಳಿಯಲು ಬಯಸುತ್ತದೆ. ಅದನ್ನು ತಿರುಗಿಸಲು ಹೆಚ್ಚು ಬಲ ಬೇಕು, ದೊಡ್ಡ ಬಾಲ ಬೇಕು. ಹೀಗಾಗಿ ತೇಜಸ್ ವಿನ್ಯಾಸಕರು ಬಾಲದ ಅಡ್ಡರೆಕ್ಕೆಯೇ ಇಲ್ಲದ ಡೆಲ್ಟಾ ಆಕಾರವನ್ನು, ಜೊತೆಗೆ ಸಡಿಲಿಸಿದ ಸ್ಥಿರತೆಯನ್ನು ಆರಿಸಿಕೊಂಡರು. ವಿಮಾನ ಚಿಕ್ಕದಾಯಿತು, ಹಗುರವಾಯಿತು, ಚುರುಕಾಯಿತು. ಇದಕ್ಕೆ ತೆರಬೇಕಾದ ಬೆಲೆಯೂ ಅವರಿಗೆ ಗೊತ್ತಿತ್ತು. ಕಂಪ್ಯೂಟರ್ ನಿಂತರೆ ವಿಮಾನ ಉಳಿಯುವುದಿಲ್ಲ. ಕೇಬಲ್‌ಗಳ ಬದಲಿ ವ್ಯವಸ್ಥೆಯೂ ಇಲ್ಲ.

ಆದ್ದರಿಂದ ಸಾಫ್ಟ್‌ವೇರ್ ಇಲ್ಲಿ ಕೊನೆಗೆ ಹಚ್ಚಿದ ತೇಪೆಯಲ್ಲ, ಮೊದಲ ದಿನದಿಂದಲೇ ವಿಮಾನದ ಅಂಗ. 1984ರಲ್ಲಿ ಬೆಂಗಳೂರಿನಲ್ಲಿ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ ಸ್ಥಾಪನೆಯಾಯಿತು. ಫ್ಲೈಟ್ ಕಂಟ್ರೋಲ್ ಕಂಪ್ಯೂಟರ್‌ನ ಹೊಣೆ ಡಿಆರ್‌ಡಿಒದ ಎಡಿಇ ಪ್ರಯೋಗಾಲಯದ್ದಾದರೆ, ಕಂಟ್ರೋಲ್ ಲಾ ಬರೆಯಲು 1992ರಲ್ಲಿ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ಅಂದರೆ ಎನ್‌ಎಎಲ್ ನೇತೃತ್ವದಲ್ಲಿ ರಾಷ್ಟ್ರೀಯ ತಂಡ ರಚನೆಯಾಯಿತು. ನಾಲ್ಕು ಚಾನೆಲ್‌ಗಳು ಒಂದೇ ಲೆಕ್ಕವನ್ನು ಬೇರೆಬೇರೆಯಾಗಿ ಮಾಡಿ ಉತ್ತರವನ್ನು ಹೋಲಿಸುತ್ತವೆ. ಒಂದರ ಉತ್ತರ ಬೇರೆ ಬಂದರೆ ಉಳಿದವು ಅದನ್ನು ಹೊರಗಿಡುತ್ತವೆ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯ ಎಂಜಿನಿಯರಿಂಗ್ ರೂಪ ಇದು.

ನೆಲದ ಮೇಲಿನ ಪರೀಕ್ಷೆಗೂ ಲೆಕ್ಕವಿಲ್ಲದಷ್ಟು ಸಮಯ ಕೊಡಲಾಯಿತು. ವಿಮಾನದ ಕಂಟ್ರೋಲ್ ವ್ಯವಸ್ಥೆಯನ್ನೆಲ್ಲ ಜೋಡಿಸಿದ 'ಐರನ್ ಬರ್ಡ್' ಎಂಬ ಚೌಕಟ್ಟಿನ ಮೇಲೆ ಮತ್ತು ಸಿಮ್ಯುಲೇಟರ್‌ಗಳಲ್ಲಿ ಪೈಲಟ್‌ಗಳು ವರ್ಷಗಟ್ಟಲೆ 'ಹಾರಿದರು'. 1996ರಲ್ಲಿ ಅಮೆರಿಕದ ವಿಶೇಷ ಎಫ್-16 ವಿಮಾನವೊಂದಕ್ಕೆ ತೇಜಸ್‌ನ ಕಂಟ್ರೋಲ್ ಲಾ ತುಂಬಿಸಿ ಆಕಾಶದಲ್ಲೇ ಪರೀಕ್ಷಿಸಲಾಯಿತು. 1998ರ ಮೇ ತಿಂಗಳಲ್ಲಿ ಪೋಖ್ರಾನ್ ಅಣು ಪರೀಕ್ಷೆ ನಡೆದಾಗ ಅಮೆರಿಕ ದಿಗ್ಬಂಧನ ಹೇರಿತು, ಸಹಕಾರ ಅರ್ಧಕ್ಕೇ ನಿಂತಿತು. ಉಳಿದ ಕೆಲಸವನ್ನು ಬೆಂಗಳೂರಿನ ಎಂಜಿನಿಯರ್‌ಗಳೇ ಮುಗಿಸಿದರು.

2001ರ ಜನವರಿ 4ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಮೊದಲ ಮಾದರಿಯನ್ನು 18 ನಿಮಿಷ ಹಾರಿಸಿ ಇಳಿಸಿದರು. ಇದು ಎಷ್ಟು ದೊಡ್ಡ ಸಾಧನೆ ಎಂಬುದಕ್ಕೆ ಸ್ವೀಡನ್ನಿನ ಗ್ರಿಪೆನ್ ನೋಡಬೇಕು. ಅದೂ ಅಸ್ಥಿರ ವಿನ್ಯಾಸದ ಯುದ್ಧವಿಮಾನ. ಅದರ ಮೊದಲ ಮಾದರಿ 1989ರಲ್ಲಿ ಇಳಿಯುವಾಗ ಕಂಟ್ರೋಲ್ ವ್ಯವಸ್ಥೆಯ ದೋಷದಿಂದ ಪತನವಾಯಿತು. 1993ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸಾರ್ವಜನಿಕ ಪ್ರದರ್ಶನದ ವೇಳೆ ಮತ್ತೊಂದು ಗ್ರಿಪೆನ್ ಬಿತ್ತು. ತೇಜಸ್ 2001ರಿಂದ 2024ರ ಮಾರ್ಚ್‌ವರೆಗೆ ಒಂದೂ ಪತನ ಕಾಣಲಿಲ್ಲ. 2024ರ ಮಾರ್ಚ್ 12ರಂದು ಜೈಸಲ್ಮೇರ್ ಬಳಿ ಮೊದಲ ಪತನವಾಯಿತು, ಪೈಲಟ್ ಪಾರಾದರು. 2025ರ ನವೆಂಬರ್ 21ರಂದು ದುಬೈ ಏರ್ ಶೋನಲ್ಲಿ ಎರಡನೆಯದು ಬಿದ್ದು ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ಮೃತಪಟ್ಟರು. ಯಾವ ವಿಮಾನವೂ ಅಪಘಾತಕ್ಕೆ ಅತೀತವಲ್ಲ. ಆದರೆ ಅಸ್ಥಿರ ವಿಮಾನವನ್ನು ಸಾಫ್ಟ್‌ವೇರ್ ದಶಕಗಳ ಕಾಲ ಹಿಡಿದಿಡಬಲ್ಲದು ಎಂಬುದನ್ನು ತೇಜಸ್ ತೋರಿಸಿಕೊಟ್ಟಿದೆ.

ಬೋಯಿಂಗ್ ಮ್ಯಾಕ್ಸ್: 1967ರ ವಿಮಾನಕ್ಕೆ ದೊಡ್ಡ ಎಂಜಿನ್

ಬೋಯಿಂಗ್ 737 ಮೊದಲು ಹಾರಿದ್ದು 1967ರ ಏಪ್ರಿಲ್‌ನಲ್ಲಿ. ಸಣ್ಣ ಊರಿನ ನಿಲ್ದಾಣಗಳಲ್ಲಿ ಏಣಿ, ಯಂತ್ರಗಳ ಹಂಗಿಲ್ಲದೆ ಜನ ಮತ್ತು ಸಾಮಾನು ಹತ್ತಿಸಲು ಅನುಕೂಲವಾಗಲೆಂದು ಅದನ್ನು ನೆಲಕ್ಕೆ ಹತ್ತಿರವಾಗಿ ಕಟ್ಟಲಾಗಿತ್ತು. ಅಂದಿನ ಎಂಜಿನ್‌ಗಳು ಸಪೂರವಾಗಿದ್ದವು, ರೆಕ್ಕೆಯಡಿ ಸಲೀಸಾಗಿ ಕೂತವು.

2010ರ ಡಿಸೆಂಬರ್‌ನಲ್ಲಿ ಏರ್‌ಬಸ್ ಕಂಪನಿ ಇಂಧನ ಉಳಿಸುವ ಹೊಸ ಎಂಜಿನ್‌ಗಳ ಎ320 ನಿಯೊ ಘೋಷಿಸಿತು. ಪೈಪೋಟಿಗೆ ಬಿದ್ದ ಬೋಯಿಂಗ್ 2011ರ ಆಗಸ್ಟ್‌ನಲ್ಲಿ 737 ಮ್ಯಾಕ್ಸ್ ಪ್ರಕಟಿಸಿತು. ಹೊಸ ವಿಮಾನ ಕಟ್ಟುವ ಬದಲು ಹಳೆಯದಕ್ಕೆ ಹೊಸ ಎಂಜಿನ್ ಹಾಕುವುದು ಬೇಗ ಮುಗಿಯುವ, ಖರ್ಚು ಕಡಿಮೆಯ ದಾರಿ. ಆದರೆ ಹಿಂದಿನ ತಲೆಮಾರಿನ ಎಂಜಿನ್ನಿನ ಫ್ಯಾನ್ 61 ಇಂಚು ಅಗಲವಿದ್ದರೆ ಹೊಸ ಲೀಪ್ ಎಂಜಿನ್ನಿನದು 69 ಇಂಚು ದಾಟುತ್ತಿತ್ತು. ರೆಕ್ಕೆಯಡಿ ಅಷ್ಟು ಜಾಗವಿರಲಿಲ್ಲ. ಮುಂದಿನ ಚಕ್ರದ ಕಾಲನ್ನು ಸುಮಾರು 8 ಇಂಚು ಉದ್ದ ಮಾಡಿ, ಎಂಜಿನ್‌ಗಳನ್ನು ರೆಕ್ಕೆಗಿಂತ ಮುಂದಕ್ಕೆ ಮತ್ತು ಮೇಲಕ್ಕೆ ಸರಿಸಿ ಕೂರಿಸಲಾಯಿತು.

ಇದರಿಂದ ಒಂದು ತೊಡಕು ಹುಟ್ಟಿತು. ವಿಮಾನ ಮೂತಿ ಎತ್ತಿ ಹೆಚ್ಚು ಕೋನದಲ್ಲಿ ಗಾಳಿಗೆ ಒಡ್ಡಿಕೊಂಡಾಗ ಎಂಜಿನ್ನಿನ ದೊಡ್ಡ ಕವಚವೇ ಎತ್ತುವ ಬಲ ಕೊಡತೊಡಗಿತು. ಆ ಬಲ ವಿಮಾನದ ತೂಕದ ಕೇಂದ್ರಕ್ಕಿಂತ ಮುಂದಿದ್ದುದರಿಂದ ಮೂತಿ ಇನ್ನಷ್ಟು ಮೇಲೇಳಲು ನೋಡುತ್ತಿತ್ತು, ಪೈಲಟ್ ಕೈಯಲ್ಲಿನ ಕಂಟ್ರೋಲ್ ಹಗುರವಾಗುತ್ತಿತ್ತು. ಕೋನ ಮಿತಿ ಮೀರಿದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುತ್ತದೆ, ಇದಕ್ಕೆ ಸ್ಟಾಲ್ ಎನ್ನುತ್ತಾರೆ. ಸ್ಟಾಲ್ ಹತ್ತಿರವಾದಂತೆ ಕಂಟ್ರೋಲ್ ಬಿಗಿಯಾಗುತ್ತ ಹೋಗಬೇಕು, ಹಗುರವಾಗಬಾರದು ಎಂಬುದು ನಿಯಮ. ಎಂಸಿಎಎಸ್ ಇಲ್ಲದ ಮಾತ್ರಕ್ಕೆ ಮ್ಯಾಕ್ಸ್ ಆಕಾಶದಿಂದ ಬೀಳುವ ವಿಮಾನವಲ್ಲ. ಆದರೆ ಈ ನಿಯಮದ ಪರೀಕ್ಷೆಯಲ್ಲಿ ಅದು ತೇರ್ಗಡೆಯಾಗುವುದು ಕಷ್ಟವಿತ್ತು, ಹಳೆಯ 737ರಂತೆ ಕೈಗೆ ಹತ್ತುತ್ತಲೂ ಇರಲಿಲ್ಲ.

ಎಂಸಿಎಎಸ್ ಹೇಗೆ ಕೆಲಸ ಮಾಡುತ್ತಿತ್ತು?

ಪರಿಹಾರವಾಗಿ ಬಂದದ್ದೇ ಮನೂವರಿಂಗ್ ಕ್ಯಾರೆಕ್ಟರಿಸ್ಟಿಕ್ಸ್ ಆಗ್ಮೆಂಟೇಶನ್ ಸಿಸ್ಟಂ, ಚಿಕ್ಕದಾಗಿ ಎಂಸಿಎಎಸ್. ಆಟೊಪೈಲಟ್ ಇಲ್ಲದೆ, ಫ್ಲ್ಯಾಪ್ ಒಳಗಿದ್ದು, ಮೂತಿಯ ಕೋನ ಹೆಚ್ಚಾಯಿತೆಂದು ಸೆನ್ಸರ್ ಹೇಳಿದಾಗ ಇದು ಬಾಲದ ಅಡ್ಡರೆಕ್ಕೆಯನ್ನು ತಾನೇ ತಿರುಗಿಸಿ ಮೂತಿಯನ್ನು ಕೆಳಗೆ ತಳ್ಳುತ್ತಿತ್ತು.

ಮೊದಲ ಯೋಜನೆಯಲ್ಲಿ ಇದರ ಅಧಿಕಾರ ಸಣ್ಣದಿತ್ತು. ಒಮ್ಮೆಗೆ 0.6 ಡಿಗ್ರಿ ಮಾತ್ರ. ಕೆಲಸ ಶುರುಮಾಡಲು ಎರಡು ಬೇರೆಬೇರೆ ಸೂಚನೆಗಳೂ ಬೇಕಿದ್ದವು. ಪರೀಕ್ಷಾ ಹಾರಾಟದಲ್ಲಿ ಕಡಿಮೆ ವೇಗದಲ್ಲೂ ತೊಡಕು ಕಂಡಾಗ ಬದಲಾವಣೆಯಾಯಿತು. ಅಧಿಕಾರ 2.5 ಡಿಗ್ರಿಗೆ ಏರಿತು, ಎರಡನೇ ಸೂಚನೆ ಬಿಟ್ಟುಹೋಯಿತು. ಉಳಿದದ್ದು ಒಂದೇ ಸೂಚನೆ, ಗಾಳಿಯ ಕೋನ. ವಿಮಾನದ ಎರಡೂ ಬದಿಗೆ ಕೋನ ಅಳೆಯುವ ಸೆನ್ಸರ್‌ಗಳಿದ್ದರೂ ಎಂಸಿಎಎಸ್ ಒಂದು ಹಾರಾಟದಲ್ಲಿ ಕೇಳುತ್ತಿದ್ದುದು ಒಂದರ ಮಾತನ್ನು ಮಾತ್ರ. ಅದು ಸುಳ್ಳು ಹೇಳಿದರೆ ಸರಿಪಡಿಸುವವರಿಲ್ಲ. ಪೈಲಟ್ ತಡೆದರೂ ಐದು ಸೆಕೆಂಡ್ ಬಿಟ್ಟು ಮತ್ತೆ ತಳ್ಳುತ್ತಿತ್ತು.

ಇದಕ್ಕಿಂತ ದೊಡ್ಡ ತಪ್ಪು ಬೇರೆಡೆ ಇತ್ತು. ಹೀಗೊಂದು ವ್ಯವಸ್ಥೆ ಇದೆ ಎಂದು ಪೈಲಟ್‌ಗಳ ಕೈಪಿಡಿಯಲ್ಲಿ ವಿವರಿಸಿರಲಿಲ್ಲ. ಹಳೆಯ 737 ಬಲ್ಲ ಪೈಲಟ್‌ಗೆ ಸಿಮ್ಯುಲೇಟರ್ ತರಬೇತಿ ಇಲ್ಲದೆ ಮ್ಯಾಕ್ಸ್ ಕೊಡಬಹುದು ಎಂಬುದೇ ಮಾರಾಟದ ಮುಖ್ಯ ಆಕರ್ಷಣೆ. ತರಬೇತಿ ಬೇಕಾದರೆ ಪ್ರತಿ ವಿಮಾನಕ್ಕೆ 10 ಲಕ್ಷ ಡಾಲರ್ ರಿಯಾಯಿತಿ ಕೊಡುವುದಾಗಿ ಅಮೆರಿಕದ ಒಂದು ವಿಮಾನ ಸಂಸ್ಥೆಗೆ ಬೋಯಿಂಗ್ ಒಪ್ಪಿಕೊಂಡಿದ್ದುದು ಮುಂದೆ ಅಮೆರಿಕ ಸಂಸತ್ತಿನ ಸಮಿತಿಯ ತನಿಖೆಯಲ್ಲಿ ದಾಖಲಾಯಿತು. ಎರಡು ಸೆನ್ಸರ್‌ಗಳ ಮಾತು ತಾಳೆಯಾಗುತ್ತಿಲ್ಲ ಎಂದು ಎಚ್ಚರಿಸುವ ಸೂಚನೆಯೂ ಬಹುತೇಕ ವಿಮಾನಗಳಲ್ಲಿ ಕೆಲಸ ಮಾಡುತ್ತಿರಲಿಲ್ಲ.

ಎರಡು ಪತನ, 346 ಸಾವು

2018ರ ಅಕ್ಟೋಬರ್ 29ರಂದು ಇಂಡೊನೇಷ್ಯಾದ ಜಕಾರ್ತದಿಂದ ಹೊರಟ ಲಯನ್ ಏರ್ 610 ವಿಮಾನ ಹಾರಿ ಕಾಲು ಗಂಟೆ ತುಂಬುವ ಮೊದಲೇ ಸಮುದ್ರಕ್ಕೆ ಬಿತ್ತು. 189 ಮಂದಿ ಸತ್ತರು. ಕ್ಯಾಪ್ಟನ್ ಭವ್ಯೆ ಸುನೇಜಾ ದೆಹಲಿಯವರು. ಎಡಬದಿಯ ಸೆನ್ಸರ್ ಸುಮಾರು 21 ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ಮೂತಿ ಸರಿಯಾಗಿಯೇ ಇದ್ದರೂ ಎಂಸಿಎಎಸ್ ಅದನ್ನು ಕೆಳಗೆ ತಳ್ಳುತ್ತ ಹೋಯಿತು. ಪೈಲಟ್‌ಗಳು 20ಕ್ಕೂ ಹೆಚ್ಚು ಬಾರಿ ಮೇಲೆತ್ತಿದರು. ಯಾವುದರ ಜೊತೆ ಗುದ್ದಾಡುತ್ತಿದ್ದೇವೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಹಿಂದಿನ ರಾತ್ರಿ ಅದೇ ವಿಮಾನದಲ್ಲಿ ಇದೇ ತೊಂದರೆ ಕಾಣಿಸಿಕೊಂಡಿತ್ತು. ಕಾಕ್‌ಪಿಟ್‌ನಲ್ಲಿದ್ದ ಮೂರನೇ ಪೈಲಟ್ ಒಬ್ಬರ ನೆರವಿನಿಂದ ಬಾಲದ ಮೋಟಾರಿನ ಸ್ವಿಚ್ ಆರಿಸಿ ಆ ವಿಮಾನವನ್ನು ಸುರಕ್ಷಿತವಾಗಿ ಇಳಿಸಲಾಗಿತ್ತು.

2019ರ ಮಾರ್ಚ್ 10ರಂದು ಅಡಿಸ್ ಅಬಾಬಾದಿಂದ ನೈರೋಬಿಗೆ ಹೊರಟ ಇಥಿಯೋಪಿಯನ್ ಏರ್‌ಲೈನ್ಸ್ 302 ಆರೇ ನಿಮಿಷದಲ್ಲಿ ನೆಲಕ್ಕಪ್ಪಳಿಸಿತು. 157 ಮಂದಿ ಸತ್ತರು, ಅವರಲ್ಲಿ ನಾಲ್ವರು ಭಾರತೀಯರು. ಲಯನ್ ಏರ್ ದುರಂತದ ಬಳಿಕ ಎಂಸಿಎಎಸ್ ವಿಚಾರ ಪೈಲಟ್‌ಗಳಿಗೆ ತಿಳಿದಿತ್ತು. ಅವರು ಸ್ವಿಚ್ ಆರಿಸಿಯೂ ಇದ್ದರು. ಆದರೆ ಅಷ್ಟರಲ್ಲಿ ವೇಗ ವಿಪರೀತವಾಗಿ, ಕೈಯಿಂದ ತಿರುಗಿಸುವ ಚಕ್ರ ಅಲುಗದಾಗಿತ್ತು. ವಿದ್ಯುತ್ ನೆರವಿಗಾಗಿ ಸ್ವಿಚ್ ಮತ್ತೆ ಹಾಕಿದಾಗ ಎಂಸಿಎಎಸ್ ಇನ್ನೊಮ್ಮೆ ತಳ್ಳಿತು.

ಇಂಡೊನೇಷ್ಯಾದ ಅಂತಿಮ ವರದಿ ಒಂಬತ್ತು ಕಾರಣಗಳನ್ನು ಪಟ್ಟಿ ಮಾಡಿತು. ವಿನ್ಯಾಸದ ಜೊತೆಗೆ ಸೆನ್ಸರ್ ದುರಸ್ತಿ, ನಿರ್ವಹಣೆ, ಸಿಬ್ಬಂದಿಯ ಪ್ರತಿಕ್ರಿಯೆಗಳೂ ಅದರಲ್ಲಿದ್ದವು. ಒಂದೇ ಕೊಂಡಿ ಕಳಚಿ ಆದ ದುರಂತ ಅದಲ್ಲ. ಆದರೆ ಉಳಿದ ಕೊಂಡಿಗಳು ಕಳಚಿದಾಗ ಹಿಡಿಯಬೇಕಿದ್ದ ಸಾಫ್ಟ್‌ವೇರೇ ವಿಮಾನವನ್ನು ಕೆಳಗೆ ನೂಕಿತು.

ಭಾರತದಲ್ಲಿ ಏನಾಯಿತು? ಮ್ಯಾಕ್ಸ್ ಮರಳಿದ್ದು ಹೇಗೆ?

ಆಗ ಭಾರತದಲ್ಲಿ ಸ್ಪೈಸ್‌ಜೆಟ್ ಮತ್ತು ಜೆಟ್ ಏರ್‌ವೇಸ್ ಬಳಿ ಮ್ಯಾಕ್ಸ್‌ಗಳಿದ್ದವು. ಇಥಿಯೋಪಿಯಾ ದುರಂತದ ಎರಡು ದಿನಗಳ ಬಳಿಕ, 2019ರ ಮಾರ್ಚ್ 12ರ ರಾತ್ರಿ ಡಿಜಿಸಿಎ ಅವುಗಳ ಹಾರಾಟ ನಿಲ್ಲಿಸಲು ಸೂಚಿಸಿತು. ಅಮೆರಿಕದ ಎಫ್‌ಎಎ ಅದೇ ತೀರ್ಮಾನಕ್ಕೆ ಬಂದದ್ದು ಮರುದಿನ. ಎಫ್‌ಎಎ 2020ರ ನವೆಂಬರ್ 18ರಂದು ನಿಷೇಧ ತೆಗೆದರೂ ಡಿಜಿಸಿಎ ತಾನೇ ಪರಿಶೀಲಿಸಿ 2021ರ ಆಗಸ್ಟ್ 26ರಂದು ಅನುಮತಿ ಕೊಟ್ಟಿತು. ಮರುವರ್ಷ ಆಗಸ್ಟ್ 7ರಂದು ಆಕಾಸಾ ಏರ್ ಮುಂಬೈ-ಅಹಮದಾಬಾದ್ ನಡುವೆ ಮ್ಯಾಕ್ಸ್ ಹಾರಿಸಿ ಸೇವೆ ಆರಂಭಿಸಿತು. ಇತ್ತ ಅಮೆರಿಕದಲ್ಲಿ ನಿಯಂತ್ರಕರಿಂದ ಮಾಹಿತಿ ಮುಚ್ಚಿಟ್ಟ ಆರೋಪದ ಮೊಕದ್ದಮೆಯಲ್ಲಿ ಬೋಯಿಂಗ್ 2021ರ ಜನವರಿಯಲ್ಲಿ 250 ಕೋಟಿ ಡಾಲರ್‌ಗೂ ಹೆಚ್ಚಿನ ಮೊತ್ತಕ್ಕೆ ಒಪ್ಪಂದ ಮಾಡಿಕೊಂಡಿತು.

ಈಗಿನ ಮ್ಯಾಕ್ಸ್‌ನಲ್ಲಿ ಬದಲಾದದ್ದು ಇಷ್ಟು:

* ಎರಡೂ ಸೆನ್ಸರ್‌ಗಳ ಮಾತು ಹೋಲಿಸಲಾಗುತ್ತದೆ. ತಾಳೆಯಾಗದಿದ್ದರೆ ಎಂಸಿಎಎಸ್ ಸುಮ್ಮನಿರುತ್ತದೆ.
* ಕೋನ ಹೆಚ್ಚಾದ ಪ್ರತಿ ಸಂದರ್ಭಕ್ಕೆ ಒಂದೇ ಬಾರಿ ಕೆಲಸ ಮಾಡುತ್ತದೆ, ಮತ್ತೆ ಮತ್ತೆ ತಳ್ಳುವುದಿಲ್ಲ.
* ಪೈಲಟ್ ಕಂಟ್ರೋಲ್ ಎಳೆದು ಮೀರಿಸಲಾಗದಷ್ಟು ಅಧಿಕಾರ ಅದಕ್ಕಿಲ್ಲ.
* ಸೆನ್ಸರ್ ವ್ಯತ್ಯಾಸದ ಎಚ್ಚರಿಕೆ ಎಲ್ಲ ವಿಮಾನಗಳಲ್ಲೂ ಕೆಲಸ ಮಾಡಬೇಕು.
* ಪೈಲಟ್‌ಗಳಿಗೆ ಸಿಮ್ಯುಲೇಟರ್ ತರಬೇತಿ ಕಡ್ಡಾಯ.

ಎಂಜಿನ್‌ಗಳು ಈಗಲೂ ಅದೇ ಜಾಗದಲ್ಲಿವೆ, ಆಕಾರವೂ ಅದೇ. ಸಾಫ್ಟ್‌ವೇರ್ ಬದಲಾಯಿತು, ಅದರ ಅಧಿಕಾರಕ್ಕೆ ಮಿತಿ ಬಂತು, ಅದು ಇದೆ ಎಂಬುದು ಎಲ್ಲರಿಗೂ ತಿಳಿಯಿತು.

ಬೆಂಗಳೂರು 1990: ಯಂತ್ರ ಸರಿ ಇದ್ದರೂ ಸಾಲದು

ಮುಂಬೈ-ಬೆಂಗಳೂರು ಮಾರ್ಗಕ್ಕೇ ಇಂಥದೊಂದು ಕಹಿ ನೆನಪಿದೆ. 1990ರ ಫೆಬ್ರವರಿ 14ರಂದು ಮುಂಬೈನಿಂದ ಹೊರಟ ಇಂಡಿಯನ್ ಏರ್‌ಲೈನ್ಸ್ 605 ವಿಮಾನ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣ ತಲುಪುವ ಮೊದಲೇ ಪಕ್ಕದ ಗಾಲ್ಫ್ ಮೈದಾನಕ್ಕೆ ಬಿತ್ತು. ವಿಮಾನದಲ್ಲಿದ್ದ 146 ಮಂದಿಯಲ್ಲಿ 92 ಜನ ಸತ್ತರು. ಅದು ಆಗಷ್ಟೇ ಭಾರತಕ್ಕೆ ಬಂದಿದ್ದ ಹೊಚ್ಚಹೊಸ ಎ320. ದುರಂತದ ಬಳಿಕ ಸರ್ಕಾರ ದೇಶದ ಎಲ್ಲ ಎ320ಗಳನ್ನು ತಿಂಗಳುಗಟ್ಟಲೆ ನೆಲದಲ್ಲೇ ನಿಲ್ಲಿಸಿತ್ತು.

ಇಲ್ಲಿ ವಿನ್ಯಾಸದ ಕೊರತೆ ಮುಚ್ಚುವ ಸಾಫ್ಟ್‌ವೇರ್ ಇರಲಿಲ್ಲ. ಇಳಿಯುವ ಕೊನೆಯ ಹಂತದಲ್ಲಿ ವಿಮಾನ 'ಓಪನ್ ಡಿಸೆಂಟ್' ಎಂಬ ಸ್ಥಿತಿಯಲ್ಲಿತ್ತು. ಆ ಸ್ಥಿತಿಯಲ್ಲಿ ಎಂಜಿನ್‌ಗಳು ಕನಿಷ್ಠ ಬಲದಲ್ಲಿರುತ್ತವೆ, ವೇಗ ಕಾಯುವ ಕೆಲಸ ಮಾಡುವುದಿಲ್ಲ. ವೇಗ ಕುಸಿಯುತ್ತಿರುವುದು ಪೈಲಟ್‌ಗಳಿಗೆ ಅರಿವಾಗುವಷ್ಟರಲ್ಲಿ ತಡವಾಗಿತ್ತು. ಎಂಜಿನ್ ಬಲ ಏರಿಸುವ ಸ್ವಯಂ ರಕ್ಷಣೆ ಎಚ್ಚೆತ್ತರೂ ಎಂಜಿನ್ ವೇಗ ಪಡೆಯಲು ಬೇಕಾದ ಸೆಕೆಂಡ್‌ಗಳು ಉಳಿದಿರಲಿಲ್ಲ. ಮ್ಯಾಕ್ಸ್ ದುರಂತಕ್ಕೆ ಸುಮಾರು 30 ವರ್ಷ ಮೊದಲೇ ಬೆಂಗಳೂರು ಹೇಳಿದ ಪಾಠ ಇದು: ಕಂಪ್ಯೂಟರ್ ಏನು ಮಾಡುತ್ತಿದೆ, ಏನು ಮಾಡುತ್ತಿಲ್ಲ ಎಂಬುದು ಕಾಕ್‌ಪಿಟ್‌ನಲ್ಲಿ ಕೂತವರಿಗೆ ಅನುಮಾನವಿಲ್ಲದೆ ಗೊತ್ತಿರಬೇಕು.

ಬಾಲವನ್ನೇ ಬದಲಿಸಿದ ಎಚ್‌ಎಎಲ್

ದೋಷ ಕಂಡಾಗ ಇನ್ನೊಂದು ದಾರಿಯೂ ಇದೆ, ಲೋಹವನ್ನೇ ತಿದ್ದುವುದು. ವಾಯುಪಡೆಯ ಕಿರಣ್ ತರಬೇತಿ ವಿಮಾನಗಳ ಜಾಗಕ್ಕೆಂದು ಎಚ್‌ಎಎಲ್ ರೂಪಿಸಿದ ಎಚ್‌ಜೆಟಿ-36 'ಸಿತಾರಾ' 2003ರ ಮಾರ್ಚ್ 7ರಂದು ಬೆಂಗಳೂರಿನಲ್ಲಿ ಮೊದಲು ಹಾರಿತು. ಆದರೆ ಸ್ಪಿನ್ ಪರೀಕ್ಷೆಯಲ್ಲಿ ಅದು ತೊಡಕು ತೋರಿತು. ಸ್ಪಿನ್ ಎಂದರೆ ವಿಮಾನ ಸ್ಟಾಲ್ ಆಗಿ ಬುಗುರಿಯಂತೆ ಸುತ್ತುತ್ತ ಕೆಳಗಿಳಿಯುವ ಸ್ಥಿತಿ. ಅದರಿಂದ ಹೊರಬರುವುದನ್ನು ಕಲಿಯಲೆಂದೇ ತರಬೇತಿ ವಿಮಾನ ಇರುವುದರಿಂದ ಈ ದೋಷವನ್ನು ಬದಿಗಿಡುವಂತಿರಲಿಲ್ಲ.

ಎಚ್‌ಎಎಲ್ ವರ್ಷಗಳ ವಿಳಂಬ ಒಪ್ಪಿಕೊಂಡು, ನೆಟ್ಟಗಿನ ಬಾಲವನ್ನು ಹಿಂದಕ್ಕೆ ಸರಿಸಿ, ರಡ್ಡರ್ ಉದ್ದ ಮಾಡಿತು. ಬದಲಾದ ವಿಮಾನ 2019ರ ಏಪ್ರಿಲ್ 17ರಂದು ಹಾರಿತು. 2022ರ ಜನವರಿಯಲ್ಲಿ ಎರಡೂ ದಿಕ್ಕಿಗೆ ಆರು ಸುತ್ತಿನ ಸ್ಪಿನ್‌ನಿಂದ ಹೊರಬಂದು ತೋರಿಸಿತು. 2025ರ ಏರೋ ಇಂಡಿಯಾ ವೇಳೆ ಅದಕ್ಕೆ 'ಯಶಸ್' ಎಂದು ಹೊಸ ಹೆಸರಿಡಲಾಯಿತು. ಕಾಲ ಹಿಡಿಯಿತು, ಖರ್ಚಾಯಿತು. ಆದರೆ ತಿದ್ದುಪಡಿ ಯಾವ ಸೆನ್ಸರ್‌ನ ಮರ್ಜಿಯಲ್ಲೂ ಇಲ್ಲ. ಬಾಲ ತಾನಿರುವ ಕಡೆಯೇ ಇರುತ್ತದೆ.

ಸಾಫ್ಟ್‌ವೇರೇ ಕೈಕೊಟ್ಟರೆ?

2025ರ ಅಕ್ಟೋಬರ್ 30ರಂದು ಮೆಕ್ಸಿಕೊದ ಕಾನ್‌ಕುನ್‌ನಿಂದ ಅಮೆರಿಕಕ್ಕೆ ಹೊರಟಿದ್ದ ಜೆಟ್‌ಬ್ಲೂ ಸಂಸ್ಥೆಯ ಎ320 ಇದ್ದಕ್ಕಿದ್ದಂತೆ ಕೆಳಗಿಳಿದು ಹಲವರು ಗಾಯಗೊಂಡರು. ತೀವ್ರ ಸೌರ ವಿಕಿರಣದಿಂದ ಫ್ಲೈಟ್ ಕಂಟ್ರೋಲ್ ಕಂಪ್ಯೂಟರಿನ ದತ್ತಾಂಶ ಕೆಡಬಹುದೆಂದು ತಿಳಿಸಿದ ಏರ್‌ಬಸ್, ನವೆಂಬರ್ 28ರಂದು ಜಗತ್ತಿನ ಸುಮಾರು 6,000 ವಿಮಾನಗಳಿಗೆ ತುರ್ತು ತಿದ್ದುಪಡಿ ಸೂಚಿಸಿತು. ಭಾರತದಲ್ಲಿ ಇಂಡಿಗೊ, ಏರ್ ಇಂಡಿಯಾ, ಏರ್ ಇಂಡಿಯಾ ಎಕ್ಸ್‌ಪ್ರೆಸ್‌ಗಳ ಒಟ್ಟು 338 ವಿಮಾನಗಳು ಈ ಪಟ್ಟಿಯಲ್ಲಿದ್ದವು. ಹೆಚ್ಚಿನವುಗಳಿಗೆ ಹಳೆಯ ಆವೃತ್ತಿಯ ಸಾಫ್ಟ್‌ವೇರ್ ಮರಳಿ ಹಾಕಿ ಕೆಲವೇ ದಿನಗಳಲ್ಲಿ ಕೆಲಸ ಮುಗಿಸಲಾಯಿತು.

ಎ320ರಲ್ಲಿ ಫ್ಲೈಟ್ ಕಂಟ್ರೋಲ್ ಕೆಲಸವನ್ನು ಹಲವು ಕಂಪ್ಯೂಟರ್‌ಗಳು ಹಂಚಿಕೊಂಡಿವೆ. ಮುಖ್ಯ ಎರಡು ಬಗೆಯ ಕಂಪ್ಯೂಟರ್‌ಗಳಿಗೆ ಬೇರೆಬೇರೆ ಪ್ರೊಸೆಸರ್, ಬೇರೆಬೇರೆ ತಂಡ ಬರೆದ ಸಾಫ್ಟ್‌ವೇರ್. ಒಂದೇ ತಪ್ಪು ಎಲ್ಲದರಲ್ಲೂ ನುಸುಳಬಾರದು ಎಂಬುದೇ ಇದರ ಉದ್ದೇಶ. ಕಂಪ್ಯೂಟರ್‌ಗಳು ಒಂದೊಂದಾಗಿ ಕೆಟ್ಟರೆ ಸ್ವಯಂ ರಕ್ಷಣೆಗಳು ಹಂತಹಂತವಾಗಿ ಕಡಿಮೆಯಾಗುತ್ತವೆ. ಯಾವ ಹಂತದಲ್ಲಿದ್ದೇವೆ ಎಂಬುದು ಪೈಲಟ್ ಮುಂದಿನ ಪರದೆಯಲ್ಲಿ ಕಾಣುತ್ತದೆ.

ಪ್ರಯಾಣಿಕರ ಪ್ರಶ್ನೆಗಳಿಗೆ ಉತ್ತರ

ನಾವು ಹತ್ತುವ ವಿಮಾನ ಯಾವುದೆಂದು ತಿಳಿಯುವುದು ಹೇಗೆ?
ಟಿಕೆಟ್ ಬುಕ್ ಮಾಡುವಾಗ ಹಾರಾಟದ ವಿವರದಲ್ಲಿ ಸಾಮಾನ್ಯವಾಗಿ ಮಾದರಿಯ ಹೆಸರಿರುತ್ತದೆ. ಸೀಟಿನ ಮುಂದಿನ ಜೇಬಿನಲ್ಲಿರುವ ಸುರಕ್ಷತಾ ಕಾರ್ಡಿನ ಮೇಲೂ ಬರೆದಿರುತ್ತದೆ. ಕೊನೆಯ ಗಳಿಗೆಯಲ್ಲಿ ವಿಮಾನ ಬದಲಾಗುವುದುಂಟು.

ಎಲ್ಲ ವಿಮಾನಗಳೂ ಕಂಪ್ಯೂಟರ್ ನಂಬಿ ಹಾರುತ್ತವೆಯೇ?
ಇಲ್ಲ. ಸಣ್ಣ ಊರುಗಳಿಗೆ ಹೋಗುವ ಎಟಿಆರ್ 72 ವಿಮಾನದಲ್ಲಿ ಇಂದಿಗೂ ಕೇಬಲ್, ಸರಳುಗಳ ನಿಯಂತ್ರಣವೇ ಇದೆ. 737ರಲ್ಲೂ ಮುಖ್ಯ ನಿಯಂತ್ರಣಕ್ಕೆ ಕೇಬಲ್ ಮತ್ತು ಹೈಡ್ರಾಲಿಕ್ ಇವೆ, ಎಂಸಿಎಎಸ್ ಅದರ ಮೇಲೆ ಸೇರಿಸಿದ್ದು. ಎ320ರದ್ದು ಪೂರ್ಣ ಫ್ಲೈ-ಬೈ-ವೈರ್.

ಪ್ರಯಾಣಿಕ ವಿಮಾನವೂ ತೇಜಸ್‌ನಂತೆ ಅಸ್ಥಿರವೇ?
ಅಲ್ಲ. ಎ320 ಮತ್ತು 737 ಎರಡೂ ಮೂಲತಃ ಸ್ಥಿರ ವಿಮಾನಗಳು. ಅವುಗಳಲ್ಲಿ ಸಾಫ್ಟ್‌ವೇರ್ ನೆರವು ಕೊಡುತ್ತದೆ, ಕಾಪಾಡುತ್ತದೆ. ಯುದ್ಧವಿಮಾನದಂತೆ ಕ್ಷಣಕ್ಷಣವೂ ಹಿಡಿದು ನಿಲ್ಲಿಸಬೇಕಿಲ್ಲ.

ತೇಪೆಯೋ, ಬುನಾದಿಯೋ?

ನಾಲ್ಕು ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಸಾಫ್ಟ್‌ವೇರ್ ಬಳಸಿದ್ದೇ ತಪ್ಪೆಂದು ಹೇಳಲಾಗದು. ಹಾಗಿದ್ದರೆ ಎಲ್ಲಕ್ಕಿಂತ ಅಸ್ಥಿರವಾದ ತೇಜಸ್ ಮೊದಲ ದಿನವೇ ಬೀಳಬೇಕಿತ್ತು. ತೇಜಸ್ ತಂಡ ಈ ವಿಮಾನ ತಾನಾಗಿ ಹಾರದು ಎಂದು ಒಪ್ಪಿಕೊಂಡೇ ಕೆಲಸ ಶುರುಮಾಡಿತು. ಆ ಒಪ್ಪಿಗೆಯಿಂದ ನಾಲ್ಕು ಚಾನೆಲ್ ಬಂದವು, ವರ್ಷಗಳ ಪರೀಕ್ಷೆ ಬಂತು, ಪೈಲಟ್‌ಗೆ ಎಲ್ಲವೂ ತಿಳಿಯಿತು. ಮ್ಯಾಕ್ಸ್‌ನಲ್ಲಿ ಇದು ಹಳೆಯ ವಿಮಾನವೇ, ಹೊಸದೇನೂ ಇಲ್ಲ ಎಂದು ಸಾಧಿಸಬೇಕಿತ್ತು. ಆ ಹಟದಿಂದ ಒಂದೇ ಸೆನ್ಸರ್ ಸಾಕೆನಿಸಿತು, ಕೈಪಿಡಿಯಿಂದ ಹೆಸರೇ ಹೊರಗುಳಿಯಿತು.

ಹೀಗಾಗಿ ಡೊಂಬಿವಲಿಯಿಂದಲೋ ಕಲ್ಯಾಣದಿಂದಲೋ ಹೊರಟು ನವಿ ಮುಂಬೈನಲ್ಲಿ ವಿಮಾನ ಹತ್ತುವವರು ಇಂದಿನ ಮ್ಯಾಕ್ಸ್ ಕಂಡು ಹಿಂಜರಿಯಬೇಕಾಗಿಲ್ಲ. ಅದು ಬಹುಶಃ ಜಗತ್ತಿನಲ್ಲೇ ಅತಿ ಹೆಚ್ಚು ಪರಿಶೀಲನೆಗೆ ಒಳಗಾದ ವಿಮಾನಗಳಲ್ಲೊಂದು. ಆದರೆ ಆ ಪರಿಶೀಲನೆ ಮೊದಲೇ ನಡೆಯಬೇಕಿತ್ತು. ಮುಂದೆ ಹೊಸ ವಿಮಾನ ಬಂದಾಗಲೂ ನಿಯಂತ್ರಕರು ಮೊದಲು ಕೇಳಬೇಕಾದ ಪ್ರಶ್ನೆಗಳು ಮೂರೇ: ಸಾಫ್ಟ್‌ವೇರ್ ಯಾರ ಮಾತು ಕೇಳಿ ತೀರ್ಮಾನಿಸುತ್ತದೆ? ತಪ್ಪಿದರೆ ತಡೆಯುವವರು ಯಾರು? ಅದು ಇದೆ ಎಂದು ಪೈಲಟ್‌ಗೆ ಹೇಳಲಾಗಿದೆಯೇ?